ಜರ್ಮನ್ ಸಂಸ್ಥಾನಗಳ ಹಳೆಯ ಬೆಳ್ಳಿ ನಾಣ್ಯ: ಮೊದಲು ಯಾವುದನ್ನು ಕೊಳ್ಳಬೇಕು?

ಊರಿಂದ ಬರುವ ಗೆಳೆಯರಿಗೆ ನಾಣ್ಯದ ಡಬ್ಬಿ ತೆಗೆದು ತೋರಿಸಿದರೆ ಅರ್ಧ ಗಂಟೆಯೊಳಗೆ ಆ ಪ್ರಶ್ನೆ ಬಂದೇ ಬರುತ್ತದೆ: "ನಾನೂ ಒಂದು ತಗೋಬೇಕು ಅಂದ್ರೆ ಯಾವುದು ತಗೊಳ್ಳಲಿ?" ಜರ್ಮನಿಯ ಹಾರ್ಟ್ಸ್ ಬೆಟ್ಟಗಳಿಗೆ ಹತ್ತಿರದ ಊರಿಗೆ ನಾನು ಕೆಲಸಕ್ಕೆಂದು ಬಂದು ಹನ್ನೊಂದು ವರ್ಷವಾಯಿತು. ಬೆಳ್ಳಿ ಅಗೆದ ಸುರಂಗಗಳು, ಅದನ್ನು ಕರಗಿಸಿದ ಊರುಗಳು, ಟಂಕಸಾಲೆಯಿದ್ದ ಬೀದಿಗಳು ಎಲ್ಲವೂ ಇಲ್ಲಿಂದ ಒಂದು ದಿನದ ತಿರುಗಾಟ. ಅದರಿಂದಲೇ ನನಗೆ ಈ ನಾಣ್ಯಗಳ ಗೀಳು ಹತ್ತಿದ್ದು.

ಗೆಳೆಯರ ಪ್ರಶ್ನೆಗೆ ನನ್ನ ಉತ್ತರ ಈಗ ಗಟ್ಟಿಯಾಗಿದೆ. ಆ ಕಾಲದ ದೊಡ್ಡ ಬೆಳ್ಳಿ ನಾಣ್ಯಕ್ಕೆ ಟಾಲರ್ ಎಂದು ಹೆಸರು; ಗಾಯವಾದ ಟಾಲರ್‌ಗಿಂತ ಗಾಯವಿಲ್ಲದ ಚಿಕ್ಕ ನಾಣ್ಯ ಮೇಲು. ತನ್ನಲ್ಲಿ ಎಷ್ಟು ಬೆಳ್ಳಿಯಿದೆ ಎಂದು ತಾನೇ ಬಾಯಿಬಿಟ್ಟು ಹೇಳುವ ನಾಣ್ಯವಾದರೆ ಇನ್ನೂ ಮೇಲು. ಅಂಥ ನಾಣ್ಯಗಳು ನಿಜಕ್ಕೂ ಇವೆ. ಈ ತೀರ್ಮಾನಕ್ಕೆ ಬರುವ ಮೊದಲು ನಾನು ದುಡ್ಡು ಕೊಟ್ಟು ಪಾಠ ಕಲಿತಿದ್ದೇನೆ, ಅದನ್ನೂ ಹೇಳುತ್ತೇನೆ.

ಮಾರ್ಕಿನ ಲೆಕ್ಕ ಗೊತ್ತಿರಲಿ

16ರಿಂದ 18ನೆಯ ಶತಮಾನದವರೆಗೆ ಜರ್ಮನಿ ಒಂದು ದೇಶವಾಗಿರಲಿಲ್ಲ. ಪವಿತ್ರ ರೋಮನ್ ಸಾಮ್ರಾಜ್ಯದ ಕೆಳಗೆ ಡ್ಯೂಕರು, ಎಲೆಕ್ಟರ್‌ಗಳು (ಚಕ್ರವರ್ತಿಯನ್ನು ಆರಿಸುವ ಹಕ್ಕಿದ್ದ ದೊರೆಗಳು), ಬಿಷಪ್ಪರು, ಸ್ವತಂತ್ರ ನಗರಗಳು ಎಂದು ನೂರಾರು ಸಂಸ್ಥಾನಗಳು. ಟಂಕಿಸುವ ಹಕ್ಕು ಇದ್ದವರೆಲ್ಲ ತಮ್ಮ ತಮ್ಮ ಅಚ್ಚು ಹಾಕಿದರು. ಹಾಗಾಗಿ ಸಂತೆಗೆ ಹೊಸಬರಾಗಿ ಹೋದವರಿಗೆ ಮುಖಗಳು, ಲಾಂಛನಗಳು, ಲ್ಯಾಟಿನ್ ಮೊಟಕು ಪದಗಳ ಒಂದು ಕಾಡೇ ಎದುರಾಗುತ್ತದೆ. ಆ ಕಾಡಿನೊಳಗೆ ದಾರಿ ತೋರಿಸುವುದು ಒಂದು ತೂಕ: ಕೊಲೋನ್ ಮಾರ್ಕ್, ಅಂದರೆ 233.856 ಗ್ರಾಂ. ಒಂದು ಮಾರ್ಕ್ ಅಪ್ಪಟ ಬೆಳ್ಳಿಯಿಂದ ಎಷ್ಟು ನಾಣ್ಯ ತೆಗೆಯುತ್ತಾರೆ ಎಂಬ ಸಂಖ್ಯೆ ಗೊತ್ತಾದರೆ ಯಾವ ಸಂಸ್ಥಾನದ ನಾಣ್ಯವನ್ನು ಬೇಕಾದರೂ ಇನ್ನೊಂದರ ಪಕ್ಕ ಇಟ್ಟು ತೂಗಬಹುದು.

1566ರಲ್ಲಿ ಸಾಮ್ರಾಜ್ಯದ ನಾಣ್ಯ ಕಟ್ಟಳೆಗೆ ಸೇರಿದ ರೈಖ್ಸ್‌ಟಾಲರ್ ಮಾರ್ಕಿಗೆ ಒಂಬತ್ತು. ನಾಣ್ಯದ ತೂಕ 29.23 ಗ್ರಾಂ, ಅದರಲ್ಲಿ ಅಪ್ಪಟ ಬೆಳ್ಳಿ 25.98 ಗ್ರಾಂ. 1753ರಲ್ಲಿ ಆಸ್ಟ್ರಿಯ ಮತ್ತು ಬವೇರಿಯಾ ಮಾಡಿಕೊಂಡ ಒಪ್ಪಂದದ ಕನ್ವೆನ್ಷನ್ ಟಾಲರ್ ಮಾರ್ಕಿಗೆ ಹತ್ತು: ತೂಕ 28.06 ಗ್ರಾಂ, ಅಪ್ಪಟ ಬೆಳ್ಳಿ 23.39 ಗ್ರಾಂ. ಪ್ರಶ್ಯದ ಎರಡನೆಯ ಫ್ರೆಡರಿಕ್ 1750ರಲ್ಲಿ ಜಾರಿಗೆ ತಂದದ್ದು ಮಾರ್ಕಿಗೆ ಹದಿನಾಲ್ಕು: ತೂಕ 22.27 ಗ್ರಾಂ, ಬೆಳ್ಳಿ 16.70 ಗ್ರಾಂ. ನಮ್ಮ ಅಜ್ಜಿಯರ ಪೆಟ್ಟಿಗೆಯಲ್ಲಿದ್ದ ವಿಕ್ಟೋರಿಯಾ ರೂಪಾಯಿ 11.66 ಗ್ರಾಂ, ಅದರಲ್ಲಿ ಬೆಳ್ಳಿ ಸುಮಾರು 10.7 ಗ್ರಾಂ. ಆ ರೂಪಾಯಿಯನ್ನು ಕೈಯಲ್ಲಿ ಹಿಡಿದ ನೆನಪಿದ್ದರೆ ಎರಡೂವರೆ ರೂಪಾಯಿ ತೂಕ ಒಂದೇ ಬಿಲ್ಲೆಯಲ್ಲಿ ಕೂತರೆ ಹೇಗಿರುತ್ತದೆ ಎಂದು ಊಹಿಸಿ, ಅದೇ ರೈಖ್ಸ್‌ಟಾಲರ್.

ಟಾಲರ್ ಎಂಬ ಹೆಸರು ಬೊಹೀಮಿಯಾದ ಯೋಆಖಿಮ್ಸ್‌ಟಾಲ್ ಎಂಬ ಗಣಿಯೂರಿನದು. ಟಾಲ್ ಎಂದರೆ ಕಣಿವೆ. ಆ ಕಣಿವೆಯಲ್ಲಿ ಶ್ಲಿಕ್ ಮನೆತನದವರು 1520ರ ಸುಮಾರಿಗೆ ಟಂಕಿಸತೊಡಗಿದ ದೊಡ್ಡ ನಾಣ್ಯ ಯೂರೋಪಿಗೆಲ್ಲ ಹಬ್ಬಿತು. ಇವತ್ತು ನಾವು ದಿನಬೆಳಗಾದರೆ ಹೇಳುವ ಡಾಲರ್ ಅದರ ಮೊಮ್ಮಗ. ಅಷ್ಟು ದೊಡ್ಡ ಬೆಳ್ಳಿ ನಾಣ್ಯದ ಯೋಚನೆ ಮಾತ್ರ ಅದಕ್ಕೂ ಹಿಂದಿನದು. 1486ರಲ್ಲಿ ಟಿರೋಲ್‌ನ ಹಾಲ್ ಎಂಬಲ್ಲಿ ಆರ್ಚ್‌ಡ್ಯೂಕ್ ಸಿಗಿಸ್ಮುಂಡ್ ಒಂದು ಚಿನ್ನದ ಗುಲ್ಡನ್‌ಗೆ ಸಮನಾದ ಬೆಳ್ಳಿ ನಾಣ್ಯ ಹೊರಡಿಸಿದ್ದ. ಅದು ಮೊದಲ ಸಲ ಕೊಳ್ಳುವವರ ಕೈಗೆ ಎಟುಕುವ ವಸ್ತುವಲ್ಲ, ಮುಂದೆ ಹೋಗೋಣ.

ರೈಖ್ಸ್‌ಟಾಲರ್: ಆಸೆ ಇದರ ಮೇಲೇ ಬೀಳುವುದು

ಎಲ್ಲರ ಕಣ್ಣು ಮೊದಲು ಹೋಗುವುದು ಇಲ್ಲಿಗೆ. ನನ್ನದೂ ಹಾಗೇ ಹೋಗಿತ್ತು. 1618ರಿಂದ 1648ರವರೆಗೆ ಈ ಸಾಮ್ರಾಜ್ಯವನ್ನು ಸುಟ್ಟ ಮೂವತ್ತು ವರ್ಷಗಳ ಯುದ್ಧದ ಕಾಲದ ಒಂದು ಟಾಲರ್, ಅದರ ಮೇಲೆ ರಕ್ಷಾಕವಚ ತೊಟ್ಟು ಹೆಗಲಿಗೆ ಕತ್ತಿಯಾನಿಸಿ ನಿಂತ ದೊರೆ. ಇದಕ್ಕಿಂತ ಏನು ಬೇಕು?

ಈ ಗುಂಪಿನೊಳಗೇ ಮೂರು ದಾರಿಗಳಿವೆ. ಸ್ಯಾಕ್ಸನಿಯದು ರಾಜಮಾರ್ಗ. ಫ್ರೈಬರ್ಗ್‌ನ ಸುತ್ತಮುತ್ತ ಗಣಿಗಳು, 1556ರ ನಂತರ ಟಂಕಸಾಲೆಯ ಕೆಲಸವೆಲ್ಲ ಡ್ರೆಸ್ಡನ್‌ಗೆ. ವರ್ಷವರ್ಷವೂ ಹೇರಳವಾಗಿ ಟಾಲರ್ ಬಂದವು. 1591ರಿಂದ ಇಪ್ಪತ್ತು ವರ್ಷ ಮೂವರು ಅಣ್ಣತಮ್ಮಂದಿರ ಮುಖಗಳು ಒಂದೇ ನಾಣ್ಯದ ಮೇಲಿರುವ ಟಾಲರ್‌ಗಳಿವೆ. ಅಪ್ಪ ತೀರಿಕೊಂಡಾಗ ಮಕ್ಕಳಿನ್ನೂ ಚಿಕ್ಕವರು, ಆ ಎಳೆಯ ಮುಖಗಳು ಅಚ್ಚಿನಲ್ಲೇ ಕಾಣುತ್ತವೆ. ಮುಂದೆ 1611ರಿಂದ 1656ರವರೆಗೆ ಎಲೆಕ್ಟರ್ ಆಗಿದ್ದ ಒಂದನೆಯ ಯೋಹಾನ್ ಗೆಯೋರ್ಗ್‌ನ ಟಾಲರ್‌ಗಳು ಇವತ್ತಿಗೂ ಸುಲಭವಾಗಿ ಸಿಗುತ್ತವೆ. ಹೇರಳವಾಗಿ ಸಿಗುವುದು ಕೊಳ್ಳುವವನ ಪುಣ್ಯ: ಒಂದು ಚೆನ್ನಾಗಿಲ್ಲದಿದ್ದರೆ ಬಿಟ್ಟು ಇನ್ನೊಂದಕ್ಕೆ ಕಾಯಬಹುದು.

ಸಾಲ್ಜ್‌ಬರ್ಗ್‌ನದು ಇನ್ನೊಂದು ದಾರಿ. ಇಂದು ಆಸ್ಟ್ರಿಯದಲ್ಲಿದೆ, ಆಗ ಸಾಮ್ರಾಜ್ಯದೊಳಗೆ ಆರ್ಚ್‌ಬಿಷಪ್ಪರು ಆಳುತ್ತಿದ್ದ ಸಂಸ್ಥಾನ. 1619ರಿಂದ 1653ರವರೆಗೆ ಪಾರಿಸ್ ಲೋಡ್ರೋನ್ ಅಲ್ಲಿನ ಆರ್ಚ್‌ಬಿಷಪ್. ಸುತ್ತಲಿನ ಸೀಮೆ ಹೊತ್ತಿ ಉರಿಯುತ್ತಿದ್ದಾಗ ಸಾಲ್ಜ್‌ಬರ್ಗನ್ನು ಯುದ್ಧದಿಂದ ದೂರ ಇಟ್ಟವನು. ಅವನ ಟಾಲರಿನ ಒಂದು ಕಡೆ ಮಗುವನ್ನೆತ್ತಿಕೊಂಡ ಮರಿಯಮ್ಮ, ಸುತ್ತ "ನಿನ್ನ ಆಸರೆಗೆ" ಎಂದು ಶುರುವಾಗುವ ಲ್ಯಾಟಿನ್ ಪ್ರಾರ್ಥನೆ; ಇನ್ನೊಂದು ಕಡೆ ಸಂತ ರೂಪರ್ಟ್, ಕೈಯಲ್ಲಿ ಉಪ್ಪಿನ ಪಾತ್ರೆ. ಊರಿನ ಹೆಸರಿನಲ್ಲೇ ಉಪ್ಪಿದೆ, ಊರಿನ ಸಿರಿಯೂ ಉಪ್ಪಿನದೇ. ಯುದ್ಧದ ಕಾಲದ ಟಾಲರ್ ಒಂದೇ ಒಂದು ಬೇಕು, ಬೆಲೆ ಕೈಮೀರಬಾರದು ಎನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ. ಮೈಲಿಗಲ್ಲಿನಂಥ ಒಂದು ಕಾಲ, ಓದಲು ಸುಲಭವಾದ ಚಿತ್ರ, ಸಿಗುವುದಕ್ಕೆ ಬರವಿಲ್ಲ.

ಬ್ರೌನ್‌ಶ್ವೈಗ್ ಮನೆತನದ ದಾರಿ ಮೂರನೆಯದು, ನನ್ನ ಮನಸ್ಸಿಗೆ ತೀರ ಹತ್ತಿರದ್ದು. ಬೇರುಸಮೇತ ಕಿತ್ತ ಮರವನ್ನು ಹಿಡಿದು ನಿಂತ ಕಾಡುಮನುಷ್ಯ ಇವರ ನಾಣ್ಯದ ಗುರುತು, ಹಾರ್ಟ್ಸ್ ಗಣಿಗಳ ಗುರುತೂ ಹೌದು. ಈ ಡ್ಯೂಕರು ತಮ್ಮ ಜಗಳಗಳನ್ನೂ ನಾಣ್ಯದ ಮೇಲೆ ಬರೆದರು. ಹೈನ್‌ರಿಷ್ ಯೂಲಿಯುಸ್ ತನ್ನ ಸೀಮೆಯ ಪಾಳೆಯಗಾರರೊಂದಿಗೆ ಕಾದಾಡುತ್ತ 1595ರಲ್ಲಿ ಬಂಡಾಯದ ಟಾಲರ್, ಮರುವರ್ಷ ಸುಳ್ಳಿನ ಟಾಲರ್, 1597ರಲ್ಲಿ ಸತ್ಯದ ಟಾಲರ್ ಹೊರಡಿಸಿದ. ಸತ್ಯದ ಟಾಲರಿನಲ್ಲಿ ಸತ್ಯವೆಂಬ ಹೆಣ್ಣು ಚಾಡಿಯನ್ನು ಕಾಲಡಿಯಲ್ಲಿ ಮೆಟ್ಟಿ ನಿಂತಿದ್ದಾಳೆ. 1599ರದು ಕಣಜದ ಟಾಲರ್: ಸಿಂಹಕ್ಕೆ ಮುತ್ತಿದ ಕಣಜಗಳು. 1643ರಲ್ಲಿ ಚಕ್ರವರ್ತಿಯ ಸೇನೆ ವುಲ್ಫನ್‌ಬ್ಯೂಟಲ್ ಬಿಟ್ಟುಹೋದಾಗ ಡ್ಯೂಕ್ ಅಗಸ್ಟ್ ಗಂಟೆಯ ಚಿತ್ರದ ಏಳು ಬಗೆಯ ಟಾಲರ್ ಟಂಕಿಸಿದ. ಇವನ್ನು ಕಂಡರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಆಸೆ ಎಲ್ಲ ಸಂಗ್ರಾಹಕರಿಗೂ ಇರುವುದರಿಂದ ಬೆಲೆ ಸದಾ ಮೇಲೆಯೇ, ನಕಲುಗಳೂ ಇವುಗಳ ಹೆಸರಿನಲ್ಲೇ ಹೆಚ್ಚು. ಮೊದಲನೆಯದಾಗಿ ಇವನ್ನು ಕೊಳ್ಳಬೇಡಿ. ಕೈ ಪಳಗಲಿ.

ರೈಖ್ಸ್‌ಟಾಲರ್ ನೋಡುವಾಗ ಹೊಸಬರು ಬೆಚ್ಚುವ ಎರಡು ವಿಷಯಗಳಿವೆ. ಒಂದು, ನಾಣ್ಯ ಕೊಂಚ ಬಾಗಿರುವುದು. ಹಾಲ್ ಟಂಕಸಾಲೆಯಲ್ಲಿ ನೀರಿನ ಬಲದಿಂದ ತಿರುಗುವ ಎರಡು ಉರುಳೆಗಳ ನಡುವೆ ಬೆಳ್ಳಿ ಪಟ್ಟಿಯನ್ನು ಹಾಯಿಸಿ ಅಚ್ಚು ಒತ್ತುತ್ತಿದ್ದರು. ಹಾಗೆ ಹುಟ್ಟಿದ ನಾಣ್ಯ ಮೇಜಿನ ಮೇಲೆ ಪೂರ್ತಿ ಮಲಗುವುದಿಲ್ಲ. ಅದು ಹುಟ್ಟುಗುಣ, ದೋಷವಲ್ಲ. ಇನ್ನೊಂದು, ಮೈಮೇಲೆ ಒಂದೇ ದಿಕ್ಕಿನಲ್ಲಿ ಸಾಗುವ ಅರದ ಗೆರೆಗಳು. ಬಿಲ್ಲೆ ತೂಕ ಜಾಸ್ತಿಯಿದ್ದರೆ ಅಚ್ಚು ಹಾಕುವ ಮೊದಲು ಅರದಿಂದ ಉಜ್ಜಿ ತೂಕ ಸರಿಮಾಡುತ್ತಿದ್ದರು. ಗೆರೆ ಅಚ್ಚಿನ ಕೆಳಗೆ ಹೂತಂತೆ ಕಂಡರೆ ಟಂಕಸಾಲೆಯದ್ದು, ಅಚ್ಚಿನ ಉಬ್ಬನ್ನು ಸೀಳಿಕೊಂಡು ಮೇಲೆ ಹಾದುಹೋಗಿದ್ದರೆ ಆಮೇಲೆ ಯಾರೋ ಮಾಡಿದ್ದು. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು, ಎರಡು ಸಲ ನೋಡಿದರೆ ಕಣ್ಣಿಗೆ ಗೊತ್ತಾಗುತ್ತದೆ.

ಕನ್ವೆನ್ಷನ್ ಟಾಲರೋ, ಪ್ರಶ್ಯದ ಟಾಲರೋ?

18ನೆಯ ಶತಮಾನದ ದೊಡ್ಡ ನಾಣ್ಯ ಬೇಕೆನ್ನುವವರಿಗೆ ನಿಜವಾದ ಆಯ್ಕೆ ಇವೆರಡರ ನಡುವೆ.

ಬೆಳ್ಳಿಯ ಲೆಕ್ಕದಲ್ಲಿ ಕನ್ವೆನ್ಷನ್ ಗೆಲ್ಲುತ್ತದೆ. ಶುದ್ಧತೆ ಸಾವಿರಕ್ಕೆ 833, ಪ್ರಶ್ಯದ್ದು 750. ಆದರೆ ನನಗೆ ಅದರಲ್ಲಿ ಇಷ್ಟವಾಗುವುದು ಅದರ ಮಾತು. ಬಹಳಷ್ಟು ಕನ್ವೆನ್ಷನ್ ಟಾಲರ್‌ಗಳ ಮೇಲೆ "ಹತ್ತಕ್ಕೆ ಒಂದು ಅಪ್ಪಟ ಮಾರ್ಕ್" ಎಂದು ಜರ್ಮನ್ ಭಾಷೆಯಲ್ಲೇ ಕೊರೆದಿರುತ್ತದೆ. ಹತ್ತು ಎಂಬುದನ್ನು ರೋಮನ್ ಅಂಕಿಯಲ್ಲೋ ಅಕ್ಷರದಲ್ಲೋ ಬರೆದಿರುತ್ತಾರೆ. ಖೋಟಾ ನಾಣ್ಯದಿಂದ ನೊಂದ ಜನರಿಗೆ ದೊರೆ ಕೊಟ್ಟ ಮಾತು ಅದು. ತಕ್ಕಡಿ ತೆಗೆದು ಯಾರು ಬೇಕಾದರೂ ಪರೀಕ್ಷಿಸಬಹುದಿತ್ತು. ಇವತ್ತು ನೀವೂ ಪರೀಕ್ಷಿಸಬಹುದು.

ಇವುಗಳಲ್ಲಿ ಸುಲಭವಾಗಿ ಸಿಗುವುದು ಬವೇರಿಯಾದ ಮೂರನೆಯ ಮ್ಯಾಕ್ಸಿಮಿಲಿಯನ್ ಯೋಸೆಫ್‌ನ ಮರಿಯಮ್ಮನ ಟಾಲರ್. ಮೋಡದ ಮೇಲೆ ಕೂತ ತಾಯಿ, ಸುತ್ತ "ಬವೇರಿಯಾದ ಕಾಯುವಾಕೆ" ಎಂದು ಲ್ಯಾಟಿನ್ ಬರಹ. ಬೆಲೆಯೂ ಮರ್ಯಾದೆಯ ಮಟ್ಟದಲ್ಲಿರುತ್ತದೆ. ಕೊಂಚ ಹೆಚ್ಚು ಕೊಡಬಲ್ಲವರು ಫ್ರಾಂಕ್‌ಫರ್ಟ್‌ನ 1796ರ ಟಾಲರ್ ಹುಡುಕಲಿ. ಫ್ರೆಂಚ್ ಸೇನೆ ನಗರದ ಮೇಲೆ ಹೇರಿದ ದೊಡ್ಡ ಮೊತ್ತವನ್ನು ತೆರಲು ಜನ ತಮ್ಮ ಮನೆಯ ಬೆಳ್ಳಿಯನ್ನೇ ತಂದು ಸುರಿದರು, ಚರ್ಚುಗಳ ಪಾತ್ರೆಗಳೂ ಕುಲುಮೆಗೆ ಹೋದವು. ಆ ನಾಣ್ಯದ ಮೇಲೆ ಬೇರೆ ಅಲಂಕಾರದ ಮಾತಿಲ್ಲ: "ಫ್ರಾಂಕ್‌ಫರ್ಟ್ ನಗರದ ಚರ್ಚುಗಳ ಮತ್ತು ನಾಗರಿಕರ ಪಾತ್ರೆಗಳಿಂದ" ಎಂದಷ್ಟೇ ಇದೆ. ಮದುವೆಯಲ್ಲಿ ಕೊಟ್ಟ ಬೆಳ್ಳಿ ಲೋಟ, ತಟ್ಟೆಗಳನ್ನು ಕಷ್ಟಕಾಲದಲ್ಲಿ ಕರಗಿಸಲು ಕೊಟ್ಟ ಮನೆಗಳನ್ನು ಕಂಡವರಿಗೆ ಆ ಒಂದು ಸಾಲು ಸಾಕು. ಅದನ್ನು ಮೊದಲ ಸಲ ಒಂದು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಓದಿದಾಗ ನಾನು ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ಪ್ರಶ್ಯದ ಟಾಲರಿನ ಗುಣ ಬೇರೆ. ಎರಡನೆಯ ಫ್ರೆಡರಿಕ್‌ನ ಮುಖ, ಹಿಂದೆ ಧ್ವಜ, ಫಿರಂಗಿಗಳ ರಾಶಿಯ ಮೇಲೆ ಕೂತ ಹದ್ದು, ಕೆಳಗೆ ಟಂಕಸಾಲೆಯ ಅಕ್ಷರ: ಬರ್ಲಿನ್ ಆದರೆ ಎ, ಬ್ರೆಸ್ಲಾವ್ ಆದರೆ ಬಿ. ಒಬ್ಬ ದೊರೆ ಯುವಕನಿಂದ ಮುದುಕನಾಗುವುದನ್ನು ವರ್ಷದಿಂದ ವರ್ಷಕ್ಕೆ ಜೋಡಿಸಿಕೊಳ್ಳಬೇಕೆಂಬ ಹಂಬಲವಿದ್ದರೆ ಇದಕ್ಕಿಂತ ಒಳ್ಳೆಯ ಸಾಲು ಸಿಗುವುದಿಲ್ಲ. ಎಚ್ಚರ ಬೇಕಾದದ್ದು 1756ರಿಂದ 1763ರ ಏಳು ವರ್ಷಗಳ ಯುದ್ಧದ ಕಾಲದ ನಾಣ್ಯಗಳಲ್ಲಿ. ಫ್ರೆಡರಿಕ್ ಸ್ಯಾಕ್ಸನಿಯನ್ನು ಹಿಡಿದ ಮೇಲೆ ಅಲ್ಲಿನ ಅಚ್ಚುಗಳಿಂದಲೇ ಬೆಳ್ಳಿ ಕಡಿಮೆ ಮಾಡಿದ ನಾಣ್ಯ ಹೊರಡಿಸಿ ಯುದ್ಧದ ಖರ್ಚು ತೂಗಿಸಿದ. ಟಂಕಸಾಲೆಯನ್ನು ಗುತ್ತಿಗೆ ಹಿಡಿದಿದ್ದ ಎಫ್ರಾಯಿಮ್ ಹೆಸರನ್ನೇ ಜನ ಆ ನಾಣ್ಯಗಳಿಗೆ ಇಟ್ಟರು. ಅಪ್ಪಣೆ ಕೊಟ್ಟವನು ದೊರೆ, ಲಾಭದ ಸಿಂಹಪಾಲು ಹೋದದ್ದು ದೊರೆಯ ಬೊಕ್ಕಸಕ್ಕೆ, ಕೆಟ್ಟ ಹೆಸರು ಮಾತ್ರ ಯಹೂದಿ ವ್ಯಾಪಾರಿಗಳ ತಲೆಗೆ ಕಟ್ಟಿದರು. ಮಾರುವವರು ಇಂದಿಗೂ ಆ ಹೆಸರು ಬಳಸುತ್ತಾರೆ, ಹಾಗಾಗಿ ಹಿನ್ನೆಲೆ ತಿಳಿದಿರಲಿ.

ಎರಡರಲ್ಲಿ ಒಂದೇ ಎಂದರೆ ನಾನು ಕನ್ವೆನ್ಷನ್ ಕಡೆ.

ಮರಿಯಾ ತೆರೇಸಾ: ಅಗ್ಗ, ಅಸಲಿ, ಆದರೆ ಹಳೆಯದಲ್ಲ

ಇದನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಹೆಚ್ಚು ಜನ ಮೋಸಹೋಗುವುದು ಇಲ್ಲೇ. 1780 ಎಂಬ ಇಸವಿ, ತುಂಬುಮುಖದ ರಾಣಿ, ಹಿಂದೆ ಎರಡು ತಲೆಯ ಹದ್ದು. ರಾಣಿ ತೀರಿಕೊಂಡದ್ದು ಅದೇ ವರ್ಷ, ಆದರೆ ಕೆಂಪು ಸಮುದ್ರದ ಎರಡೂ ದಡಗಳಲ್ಲಿ, ಇಥಿಯೋಪಿಯಾ ಮತ್ತು ಯೆಮೆನ್‌ಗಳಲ್ಲಿ ವ್ಯಾಪಾರಿಗಳು ಈ ಮುಖ ಬಿಟ್ಟು ಬೇರೆಯದನ್ನು ಮುಟ್ಟಲಿಲ್ಲ. ರಾಣಿಯ ಭುಜದ ಪದಕದಲ್ಲಿನ ಮುತ್ತುಗಳನ್ನು ಎಣಿಸಿ ನೋಡಿಯೇ ತೆಗೆದುಕೊಳ್ಳುತ್ತಿದ್ದರಂತೆ. ಆದ್ದರಿಂದ ಅದೇ ಇಸವಿ ಉಳಿಸಿಕೊಂಡು ಟಂಕಿಸುತ್ತಲೇ ಹೋದರು: ವಿಯೆನ್ನಾ, ಆಮೇಲೆ ರೋಮ್, ಲಂಡನ್, ಪ್ಯಾರಿಸ್, ಬ್ರಸೆಲ್ಸ್, ಬರ್ಮಿಂಗ್‌ಹ್ಯಾಂ. 1940–41ರಲ್ಲಿ ನಮ್ಮ ಮುಂಬೈ ಟಂಕಸಾಲೆಯೂ ಇದನ್ನು ಲಕ್ಷಗಟ್ಟಲೆ ಹೊರಡಿಸಿತು. ವಿಯೆನ್ನಾದಲ್ಲಿ ಇಂದಿಗೂ ನಿಂತಿಲ್ಲ.

ಕೆಳಗಿರುವ ಎಸ್‌.ಎಫ್‌. ಅಕ್ಷರಗಳು ಗ್ಯುಂಟ್ಸ್‌ಬರ್ಗ್ ಟಂಕಸಾಲೆಯ ಶ್ಯೋಬ್ಲ್ ಮತ್ತು ಫಾಬಿ ಎಂಬ ಇಬ್ಬರು ಅಧಿಕಾರಿಗಳದು. ಆ ಊರು ಇಂದು ಬವೇರಿಯಾದಲ್ಲಿದೆ, ಆಗ ಹಾಬ್ಸ್‌ಬರ್ಗ್ ಮನೆತನದ ಕೈಯಲ್ಲಿತ್ತು. ಇಂದಿನ ಮರುಟಂಕವೂ ಆ ಇಬ್ಬರ ಅಕ್ಷರಗಳನ್ನು ಹೊತ್ತೇ ಬರುತ್ತದೆ, ಅಂಚಿನ ಮೇಲೆ "ನ್ಯಾಯ ಮತ್ತು ದಯೆಯಿಂದ" ಎಂಬ ಲ್ಯಾಟಿನ್ ಬರಹದೊಂದಿಗೆ. ಇದು ಕನ್ವೆನ್ಷನ್ ಅಳತೆಯದೇ, 28.06 ಗ್ರಾಂ, ಬೆಳ್ಳಿ ನಿಜವಾದದ್ದೇ. ಚಿನಿವಾರ ಪೇಟೆಯ ಬೆಳ್ಳಿ ದರಕ್ಕಿಂತ ಅಷ್ಟಿಷ್ಟು ಮೇಲೆ ಸಿಕ್ಕರೆ ಧಾರಾಳವಾಗಿ ಕೊಳ್ಳಿ. ಕೈಗೆ ತೂಕದ ಅಂದಾಜು ಕೂರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಗುರು ಇಲ್ಲ. ಆದರೆ "250 ವರ್ಷ ಹಳೆಯದು" ಎಂದು ಹೇಳಿ ಮೂರು ಪಟ್ಟು ಕೇಳುವವರಿಂದ ದೂರವಿರಿ. 1780ರಲ್ಲೇ ಟಂಕಿಸಿದ್ದನ್ನು ಮರುಟಂಕದಿಂದ ಬೇರ್ಪಡಿಸುವುದು ಆಳವಾಗಿ ಓದಿಕೊಂಡವರ ಕೆಲಸ.

ನನ್ನ ಆಯ್ಕೆ: ಹಾರ್ಟ್ಸ್‌ನ ಮುಕ್ಕಾಲಿಗಿಂತ ಕಡಿಮೆ ಟಾಲರ್

ಟಾಲರಿನ ಮೂರನೆಯ ಎರಡು ಪಾಲು ಬೆಲೆಯ ನಾಣ್ಯವೊಂದಿದೆ. ಉತ್ತರ ಜರ್ಮನಿಯಲ್ಲಿ ಇದನ್ನೇ ಗುಲ್ಡನ್ ಎಂದೂ ಕರೆದರು. ಟಾಲರಿಗೆ 36 ಮಾರಿಯನ್‌ಗ್ರೋಶನ್ ಎಂಬ ಚಿಲ್ಲರೆ ನಾಣ್ಯ ಆದ್ದರಿಂದ ಇದು 24 ಮಾರಿಯನ್‌ಗ್ರೋಶನ್. 1690ರ ಲೈಪ್ಸಿಗ್ ಅಳತೆಯಲ್ಲಿ ಒಂದು ಮಾರ್ಕ್ ಬೆಳ್ಳಿಗೆ ಇಂಥವು ಹದಿನೆಂಟು, ಅಂದರೆ ಒಂದೊಂದರಲ್ಲಿ 12.99 ಗ್ರಾಂ ಅಪ್ಪಟ ಬೆಳ್ಳಿ.

ಹಾರ್ಟ್ಸ್ ಟಂಕಸಾಲೆಗಳಲ್ಲಿ ಇದನ್ನು ಮಾಡಿದ ರೀತಿಯೇ ಬೇರೆ. ಸಾಮಾನ್ಯವಾಗಿ ಬೆಳ್ಳಿಗೆ ತಾಮ್ರ ಬೆರೆಸಿ ಗಟ್ಟಿಮಾಡುತ್ತಾರೆ. ಗಣಿ ಪಕ್ಕದಲ್ಲೇ ಇದ್ದ ಕ್ಲೌಸ್ಟಾಲ್, ಟ್ಸೆಲ್ಲರ್‌ಫೆಲ್ಡ್‌ಗಳಲ್ಲಿ ತಾಮ್ರದ ಹಂಗಿಲ್ಲದೆ ಸಾವಿರಕ್ಕೆ 993ರ ಬೆಳ್ಳಿಯಲ್ಲೇ ಟಂಕಿಸಿದರು. ನಾಣ್ಯದ ಒಟ್ಟು ತೂಕ 13.08 ಗ್ರಾಂ ಮಾತ್ರ. ಮೇಲೆ ದೊಡ್ಡದಾಗಿ 24, ಅದರ ಕೆಳಗೆ ಮಾರಿಯನ್ ಗ್ರೋಶನ್, ಜೊತೆಗೆ "ಅಪ್ಪಟ ಬೆಳ್ಳಿ" ಎಂಬ ಮಾತು. ಹಿಂದೆ ಕಾಡುಮನುಷ್ಯ. ಕೆಲವು ಅಚ್ಚಿನಲ್ಲಿ ಅವನು ಮರವನ್ನು ಒಂದೇ ಕೈಯಲ್ಲಿ ಹಿಡಿದಿರುತ್ತಾನೆ, ಕೆಲವುದರಲ್ಲಿ ಎರಡೂ ಕೈಯಲ್ಲಿ.

ನನ್ನ ಹತ್ತಿರ ಇರುವುದನ್ನು ಕಿಟಕಿಯ ಪಕ್ಕ ಹಿಡಿದು ನೋಡಿ. ತಾಮ್ರ ಬೆರೆತ ನಾಣ್ಯಕ್ಕೆ ಇರುವ ಬೆಚ್ಚನೆಯ ಛಾಯೆ ಇದಕ್ಕಿಲ್ಲ. ತಣ್ಣನೆಯ ಬಿಳುಪು, ಅಕ್ಷರಗಳ ಬುಡದಲ್ಲಿ ಮಾತ್ರ ಕಾಡಿಗೆ ತೀಡಿದಂಥ ಕಪ್ಪು. ಅಪ್ಪಟ ಬೆಳ್ಳಿ ಮೆತ್ತಗಿರುವುದರಿಂದ ಕಾಡುಮನುಷ್ಯನ ಮೊಣಕಾಲು, ಹೊಟ್ಟೆ ಮೊದಲು ಸವೆದಿವೆ. ಆದರೆ ಅವನ ಮೈಯ ರೋಮಗಳು ಪಕ್ಕೆಯಲ್ಲಿ ಇನ್ನೂ ಒಂದೊಂದಾಗಿ ಕಾಣುತ್ತವೆ, ಮರದ ಬೇರುಗಳು ಕವಲೊಡೆದದ್ದೂ ಕಾಣುತ್ತದೆ. ಬೆಲೆಯಲ್ಲಿ ಇದು ಅದೇ ಸೀಮೆಯ ಪೂರ್ಣ ಟಾಲರಿನ ಒಂದು ಪಾಲು ಅಷ್ಟೆ. ಅದೇ ಹಣಕ್ಕೆ ಸವಕಲು ಟಾಲರ್ ಕೊಳ್ಳುವ ಬದಲು ಇಂಥದ್ದೊಂದು ಕೊಳ್ಳಿ ಎಂದು ಬಂದವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಇದೇ ಬೆಟ್ಟದ ರಾಮೆಲ್ಸ್‌ಬರ್ಗ್ ಗಣಿ 1988ರಲ್ಲಿ ಮುಚ್ಚಿತು, ಈಗ ಗೊಸ್ಲಾರ್ ಪಟ್ಟಣದ ಜೊತೆ ವಿಶ್ವ ಪರಂಪರೆಯ ತಾಣ. ಈ ಕಡೆ ಬಂದರೆ ಜೇಬಿನಲ್ಲಿ ಒಂದು ಕಾಡುಮನುಷ್ಯನ ನಾಣ್ಯ ಇಟ್ಟುಕೊಂಡು ಅದರ ಸುರಂಗದೊಳಗೆ ಹೋಗಿಬನ್ನಿ.

ಚಿಲ್ಲರೆಯನ್ನು ಹಗುರವಾಗಿ ಕಾಣಬೇಡಿ

ಕಡಿಮೆ ದುಡ್ಡಿನವರಿಗೆ, ವಿದ್ಯಾರ್ಥಿಗಳಿಗೆ ನಾನು ಹೇಳುವುದು 20 ಕ್ರೊಯ್ಟ್ಸರ್ ಬೆಲೆಯ ನಾಣ್ಯ; ಕ್ರೊಯ್ಟ್ಸರ್ ಎಂದರೆ ಆಗಿನ ಚಿಲ್ಲರೆ ಲೆಕ್ಕ. ಇದೂ ಕನ್ವೆನ್ಷನ್ ಕುಟುಂಬದ್ದೇ: 6.68 ಗ್ರಾಂ, ಶುದ್ಧತೆ 583, ಮಾರ್ಕಿಗೆ ಅರವತ್ತು. ಎಷ್ಟೋ ಸಂಸ್ಥಾನಗಳ ನಾಣ್ಯದ ಮೇಲೆ ಆ ಅರವತ್ತರ ಲೆಕ್ಕವನ್ನೂ ಬರೆದಿದ್ದಾರೆ. ಎಲೆಗಳ ಮಾಲೆಯೊಳಗೆ ದೊರೆಯ ತಲೆ ಇರುವುದರಿಂದ ಜನರ ಬಾಯಲ್ಲಿ ಇದು "ತಲೆ ನಾಣ್ಯ". ಬವೇರಿಯಾ, ವ್ಯೂರ್ಟೆಂಬರ್ಗ್, ಸಾಲ್ಜ್‌ಬರ್ಗ್ ಎಂದು ಸಂಸ್ಥಾನಕ್ಕೊಂದರಂತೆ ಕೂಡಿಸಿದರೆ ಒಂದು ಟಾಲರಿನ ಬೆಲೆಗೆ ಒಂದು ಚಿಕ್ಕ ಭೂಪಟವೇ ಸಿಗುತ್ತದೆ.

ಇದರ ಎದುರಿಗೆ ನಿಲ್ಲುವುದು ಕಿಪ್ಪರ್ ಕಾಲದ ಚಿಲ್ಲರೆ. 1619ರಿಂದ 1623ರವರೆಗೆ, ಯುದ್ಧದ ಮೊದಲ ವರ್ಷಗಳಲ್ಲಿ, ಸಂಸ್ಥಾನಗಳು ಒಂದರ ಮೇಲೊಂದು ಪೈಪೋಟಿಯಿಂದ ಬೆಳ್ಳಿ ಕಡಿಮೆ ಮಾಡುತ್ತ ಹೋದವು. ತಕ್ಕಡಿಯನ್ನು ವಾಲಿಸಿ ಒಳ್ಳೆಯ ನಾಣ್ಯ ಆರಿಸಿ ಕರಗಿಸುವವರಿಂದ ಆ ಕಾಲಕ್ಕೆ ಈ ಹೆಸರು ಬಂತು. 90 ಕ್ರೊಯ್ಟ್ಸರ್‌ಗೆ ಸಿಗುತ್ತಿದ್ದ ಟಾಲರಿಗೆ ಕೆಲವು ಕಡೆ 600 ಕ್ರೊಯ್ಟ್ಸರ್ ಎಣಿಸಿಕೊಡಬೇಕಾಯಿತು. ಸಂಬಳದವರು, ವಿಧವೆಯರು, ಬಡ್ಡಿಯ ಮೇಲೆ ಬದುಕಿದವರು ಬೀದಿಗೆ ಬಿದ್ದರು. ಆ ನಾಣ್ಯಗಳು ಇಂದು ಅಗ್ಗ. ತಾಮ್ರದ ಮೇಲೆ ಬೆಳ್ಳಿಯ ತೆಳು ಹೊದಿಕೆ, ಅದೂ ಸವೆದು ಒಳಗಿನ ಕೆಂಪು ಇಣುಕುತ್ತಿರುತ್ತದೆ. ಬೆಳ್ಳಿಗಾಗಿ ಕೊಳ್ಳುವ ವಸ್ತುವಲ್ಲ. ಆದರೆ ತಲೆ ನಾಣ್ಯದ ಪಕ್ಕದಲ್ಲಿ ಒಂದು ಕಿಪ್ಪರ್ ಚೂರು ಇಟ್ಟರೆ "ಅರವತ್ತಕ್ಕೆ ಒಂದು ಅಪ್ಪಟ ಮಾರ್ಕ್" ಎಂದು ಮುಂದೆ ಯಾಕೆ ಬರೆಯಬೇಕಾಯಿತು ಎಂಬುದು ಮಕ್ಕಳಿಗೂ ತಿಳಿಯುತ್ತದೆ.

ನನ್ನ ತಪ್ಪು, ಮತ್ತು ಕೊಳ್ಳುವ ಮೊದಲ ಪರೀಕ್ಷೆ

ನಾನು ಕೊಂಡ ಮೊದಲ ದೊಡ್ಡ ನಾಣ್ಯ ಬವೇರಿಯಾದ ಮರಿಯಮ್ಮನ ಟಾಲರ್. ಹರಾಜಿನ ಚಿತ್ರದಲ್ಲಿ ಎರಡೂ ಮುಖ ಚೆನ್ನಾಗಿದ್ದವು, ಬೆಲೆಯೂ ಕಡಿಮೆ. ಕೈಗೆ ಬಂದ ಮೇಲೆ ಅಂಚನ್ನು ಉಗುರಿನಿಂದ ಸವರಿದರೆ ತಲೆಯ ನೇರ ಮೇಲೆ, ಗಡಿಯಾರದ ಹನ್ನೆರಡರ ಜಾಗದಲ್ಲಿ, ಚಿತ್ತಾರ ಮಾಯವಾಗಿ ಒಂದಿಷ್ಟು ಜಾಗ ನುಣ್ಣಗಾಗಿತ್ತು. ಭೂತಗನ್ನಡಿ ಹಿಡಿದೆ: ಬೆಸುಗೆಯ ಬೂದು ಕಲೆ, ಅದರ ಮೇಲೆ ಅರದ ಗೆರೆ. ಯಾವುದೋ ಕಾಲದಲ್ಲಿ ಕೊಂಡಿ ಹಾಕಿಸಿ ಆಭರಣ ಮಾಡಿಕೊಂಡಿದ್ದರು, ಆಮೇಲೆ ಯಾರೋ ಕೊಂಡಿ ಕಿತ್ತು ಉಜ್ಜಿದ್ದರು. ಬವೇರಿಯಾದ ಹೆಂಗಸರು ರವಿಕೆಯ ಮುಂದಿನ ಸರಪಳಿಗೆ ಟಾಲರ್ ತೂಗಿಸುತ್ತಿದ್ದರು, ನಮ್ಮಲ್ಲಿ ಕಾಸಿನ ಸರ ಇದ್ದ ಹಾಗೆ. ಆ ಹೆಣ್ಣುಮಗಳ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಮಾರಿದವರು ಅಂಚಿನ ಚಿತ್ರ ಹಾಕದೆ, ಆ ಮಾತನ್ನೇ ಎತ್ತದೆ ಮಾರಿದ್ದು ನೋವಾಯಿತು. ಕೇಳದೆ ಕೊಂಡದ್ದು ನನ್ನ ತಪ್ಪು. ಕೊಂಡಿಯ ಗಾಯವಿರುವ ನಾಣ್ಯಕ್ಕೆ ಸಂಗ್ರಾಹಕರು ಬಹಳ ಕಡಿಮೆ ಕೊಡುತ್ತಾರೆ, ಅದನ್ನು ಮರಳಿ ಮಾರಲು ಹೋದಾಗಲೇ ಗೊತ್ತಾಗುವುದು. ಆದ್ದರಿಂದ ಅಂಚಿನ ಚಿತ್ರ ಕೇಳಿ. ಮೇಲೆ, ಕೆಳಗೆ, ಎರಡೂ ಬದಿ. ಕೊಡದಿದ್ದರೆ ಬಿಡಿ.

ಮನೆಯಲ್ಲೇ ಮಾಡಬಹುದಾದ ಇನ್ನೊಂದು ಪರೀಕ್ಷೆ ನೀರಿನದು. ಗ್ರಾಮಿನ ನೂರನೆಯ ಒಂದು ಭಾಗ ತೋರಿಸುವ ಚಿಕ್ಕ ತೂಕದ ಯಂತ್ರ ಸಾಕು. ಮೊದಲು ನಾಣ್ಯವನ್ನು ಹಾಗೇ ತೂಗಿ. ಆಮೇಲೆ ನೀರಿನ ಲೋಟವನ್ನು ಯಂತ್ರದ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ಯಂತ್ರ ತೋರಿಸುವ ಅಂಕಿಯಿಂದ ಮೊದಲ ತೂಕವನ್ನು ಭಾಗಿಸಿ. 833ರ ಬೆಳ್ಳಿಗೆ 10.2ರ ಸುಮಾರು ಬರಬೇಕು. ಕನ್ವೆನ್ಷನ್ ಟಾಲರ್ ಆದರೆ ನೀರಿನಲ್ಲಿ 2.75 ಕಾಣಬೇಕು. ರೈಖ್ಸ್‌ಟಾಲರಿಗೆ 10.3, ಪ್ರಶ್ಯದ್ದಕ್ಕೆ 10.05ರ ಆಸುಪಾಸು, ಹಾರ್ಟ್ಸ್‌ನ ಅಪ್ಪಟ ಬೆಳ್ಳಿಗೆ 10.45ರ ಮೇಲೆ. ಒಂಬತ್ತಕ್ಕಿಂತ ಕೆಳಗೆ ಬಂದರೆ ಬೆಳ್ಳಿಯ ಮಾತೇ ಇಲ್ಲ. ಎರಕದ ನಕಲುಗಳಲ್ಲಿ ಅಕ್ಷರಗಳು ಸಾಬೂನಿನ ಮೇಲೆ ಬರೆದಂತೆ ಜಾರಿರುತ್ತವೆ, ಅಂಚಿನಲ್ಲಿ ಜೋಡಣೆಯ ಗೆರೆ ಸಿಗುತ್ತದೆ. ಅಯಸ್ಕಾಂತಕ್ಕೆ ಅಂಟಿದರೆ ನೀರಿನವರೆಗೂ ಹೋಗಬೇಕಾಗಿಲ್ಲ.

ಮನೆಗೆ ತಂದ ಮೇಲೆ ದಯವಿಟ್ಟು ತೊಳೆದು ಹೊಳೆಯಿಸಬೇಡಿ. ದೇವರ ಸಾಮಾನು ತಿಕ್ಕುವ ಹಾಗೆ ವಿಭೂತಿ, ಹುಣಸೆಹಣ್ಣು, ಹಲ್ಲುಪುಡಿ ಯಾವುದೂ ಬೇಡ. ಮುನ್ನೂರು ವರ್ಷದಲ್ಲಿ ಕೂತ ಕಪ್ಪು, ನೀಲಿ ಛಾಯೆ ಒಮ್ಮೆ ಹೋದರೆ ನಿಮ್ಮ ಆಯುಷ್ಯದಲ್ಲಿ ಮರಳುವುದಿಲ್ಲ. ಕರಾವಳಿ, ಮಲೆನಾಡಿನವರು ಡಬ್ಬಿಯಲ್ಲಿ ತೇವ ಹೀರುವ ಪೊಟ್ಟಣ ಇಟ್ಟುಕೊಳ್ಳಿ, ಮೆತ್ತನೆಯ ಪಿ.ವಿ.ಸಿ. ಹಾಳೆಗಳಲ್ಲಿ ಇಡಬೇಡಿ, ಅವು ಕಾಲಕ್ರಮೇಣ ಹಸಿರು ಜಿಗುಟು ಬಿಡುತ್ತವೆ.

ಊರಿಗೆ ಒಯ್ಯುವವರಿಗೆ ಒಂದು ಮಾತು. ಭಾರತದ 1972ರ ಪುರಾತನ ವಸ್ತುಗಳ ಕಾನೂನಿನ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಒಮ್ಮೆ ಬೆಂಗಳೂರಿಗೋ ಧಾರವಾಡಕ್ಕೋ ಹೋದ ಟಾಲರನ್ನು ಮುಂದೆ ಜರ್ಮನಿಯ ಹರಾಜಿಗೆ ಹಾಕುತ್ತೇನೆ ಎಂಬ ಲೆಕ್ಕ ಇಟ್ಟುಕೊಳ್ಳಬೇಡಿ. ಒಳಗೆ ತರುವಾಗ ಸುಂಕ ಎಷ್ಟು, ಅಂಚೆಯಲ್ಲಿ ತರಿಸಬಹುದೇ ಎಂಬುದನ್ನು ಹಣ ಕಟ್ಟುವ ಮೊದಲೇ ಕಸ್ಟಮ್ಸ್‌ನಲ್ಲಿ ವಿಚಾರಿಸಿಕೊಳ್ಳಿ. ಅಂಗಡಿಯ ರಸೀದಿಯಲ್ಲಿ ಸಂಸ್ಥಾನ, ಇಸವಿ, ತೂಕ ಮೂರನ್ನೂ ಬರೆಸಿ, ಅಂಚಿನ ಚಿತ್ರಗಳ ಜೊತೆ ನಾಣ್ಯದ ಡಬ್ಬಿಯಲ್ಲೇ ಮಡಿಸಿಡಿ.